ಲಿಗೋರಿ ಕೊಂಡ ತೆಳು ಗಿಟಾರ್

ಮಂಗಳೂರಿನ ಅಂಚೆ ಗುಮಾಸ್ತ ಲಿಗೋರಿಗೆ ಜಾಜ್ ಸಂಗೀತದ ಹುಚ್ಚು. ದಪ್ಪ ಗಿಟಾರನ್ನು ವರ್ಷಗಟ್ಟಲೆ ಅಪ್ಪಿ ನುಡಿಸಿ ಅವನ ಭುಜ ಹಿಡಿದುಕೊಂಡಿತ್ತು. ಮುಂಭಾಗದ ಹಲಗೆ ಉಬ್ಬಿದ, ಮೈ ತೆಳ್ಳಗಿನ ಜಾಜ್ ಗಿಟಾರ್ ಸಿಗದಿದ್ದರೆ ನುಡಿಸುವುದನ್ನೇ ಬಿಡಬೇಕಿತ್ತು.

ಬಾಳಿಗರ ವಾದ್ಯದಂಗಡಿಯಲ್ಲಿ ಅಂಥವು ಎರಡಿದ್ದವು. ಒಂದು ಎರಡು ಲಕ್ಷದ್ದು, ಇನ್ನೊಂದು ಇಪ್ಪತ್ತು ಸಾವಿರದ್ದು. ಲಿಗೋರಿ ಅಗ್ಗದ್ದಕ್ಕೆ ಕೈ ಹಾಕಿದ.

"ಅದು ಮಕ್ಕಳ ಆಟಕ್ಕೆ ಮಾರಾಯ್ರೇ," ಎಂದರು ಬಾಳಿಗರು. "ಅದನ್ನು ಜಾಜಿಗೆಂದು ಮಾರಿದರೆ ನನ್ನ ಅಂಗಡಿಯ ಮರ್ಯಾದೆ ಏನಾಗಬೇಕು? ಕಣ್ಣು ಮುಚ್ಚಿ ಕೇಳಿದರೂ ಅದರ ಹಣೆಬರಹ ಹೇಳಿಯೇನು."

"ಯಾವುದು ಯಾವ ಗಿಟಾರೆಂದು ಸರಿಯಾಗಿ ಹೇಳಿದರೆ ನಾನು ಬರಿಗೈಯಲ್ಲಿ ಹೋಗುತ್ತೇನೆ. ತಪ್ಪಿದರೆ ಇದನ್ನು ನನಗೆ ಮಾರಬೇಕು," ಎಂದ ಲಿಗೋರಿ.

ಗಿರಾಕಿಗಳು ಹತ್ತಿರ ಬಂದರು. ಬಾಳಿಗರು ಕಣ್ಣು ಮುಚ್ಚಿದರು. ಲಿಗೋರಿ ನಾಲ್ಕು ಸ್ವರ ನುಡಿಸಿದ.

"ಥೂ, ಬರೀ ತಗಡು!" ಎಂದರು ಬಾಳಿಗರು.

ಲಿಗೋರಿ ಸ್ವಲ್ಪ ತಡೆದು ಅದೇ ನಾಲ್ಕು ಸ್ವರ ಮತ್ತೆ ನುಡಿಸಿದ.

"ಆಹಾ! ಜೇನು ಮಾರಾಯ್ರೇ, ಜೇನು! ಎರಡು ಲಕ್ಷವೆಂದರೆ ಸುಮ್ಮನೆಯಾ?"

"ಕಣ್ಣು ಬಿಡಿ," ಎಂದ ಲಿಗೋರಿ. ದುಬಾರಿ ಗಿಟಾರ್ ಗೋಡೆಯಲ್ಲೇ ತೂಗುತ್ತಿತ್ತು. "ಎರಡು ಸಲವೂ ನುಡಿಸಿದ್ದು ಈ ಅಗ್ಗದ್ದನ್ನೇ."

ಬಾಳಿಗರು ಕನ್ನಡಕ ಒರೆಸಿದರು. ಇನ್ನೊಮ್ಮೆ ಒರೆಸಿದರು. ಕೊನೆಗೆ ಬಿಲ್ ಬರೆಯತೊಡಗಿದರು.

ದುಬಾರಿಯದ್ದನ್ನು ಕೊಳ್ಳಲು ಬಂದಿದ್ದ ವಕೀಲರೊಬ್ಬರು ಮೆಲ್ಲಗೆ ಮುಂದೆ ಬಾಗಿದರು. "ಬಾಳಿಗರೇ, ಆ ಜೇನಿನದ್ದೇ ನನಗೂ ಒಂದು ತರಿಸಿಕೊಡಿ."