ಎಲ್ಲ ಕಡೆ ಒಂದೇ ಪಾಸ್‌ವರ್ಡ್

ಕೃಷ್ಣೆಯ ದಂಡೆಯ ಆಶ್ರಮದಲ್ಲಿ ಗುರು ಮಡಿವಾಳಯ್ಯನವರು ಬಟ್ಟೆ ಒಗೆಯುತ್ತಿದ್ದರು. ಶಿಷ್ಯ ಗುರುಸಿದ್ಧ ಫೋನ್ ಹಿಡಿದು ಓಡಿಬಂದ.

ಅವನೂ ಊರಲ್ಲಿದ್ದ ತಂಗಿ ಶರ್ವಾಣಿಯೂ ಆನ್‌ಲೈನ್ ಆಟವೊಂದರಲ್ಲಿ ವರ್ಷಗಟ್ಟಲೆ ಕೂತು ಒಂದು ಊರು ಕಟ್ಟಿದ್ದರು. ಅದರಲ್ಲಿ ತೀರಿಹೋದ ಅವ್ವನ ಹಿತ್ತಲನ್ನೂ ಇದ್ದ ಹಾಗೇ ಮಾಡಿಟ್ಟಿದ್ದರು. ಅಣ್ಣ ತಂಗಿ ದಿನವೂ ಕೂಡುತ್ತಿದ್ದುದು ಅಲ್ಲಿಯೇ.

ಅಂದು ಬೆಳಿಗ್ಗೆ ಯಾರೋ ಅವನ ಖಾತೆಗೆ ನುಗ್ಗಿ, ಪಾಸ್‌ವರ್ಡ್ ಬದಲಿಸಿ, ಅವನನ್ನೇ ಹೊರಗೆ ಹಾಕಿದ್ದರು.

"ಅಜ್ಜಾರ, ನಾ ಯಾರಿಗೂ ಪಾಸ್‌ವರ್ಡ್ ಹೇಳಿಲ್ಲ. ಈ ಕಳ್ಳನ್ನ ಹೆಂಗ ಹಿಡೀಲಿ?"

"ಈಗ ಅಂವ ನಿನ್ನ ಹೆಸರಿನ್ಯಾಗ ಯಾರ ಕೂಡ ಮಾತಾಡಾಕತ್ತಾನ?"

ಗುರುಸಿದ್ಧನಿಗೆ ಶರ್ವಾಣಿಯ ನೆನಪಾಯಿತು. ಕೂಡಲೇ ತಂಗಿಗೆ ಫೋನ್ ಮಾಡಿದ.

ಅವಳ ಖಾತೆಯನ್ನೂ ತೆರೆಯಲು, ನಿನ್ನ ಫೋನಿಗೆ ಬರುವ ಕೋಡ್ ಕಳಿಸು ಎಂದು ಅಣ್ಣನ ಹೆಸರಲ್ಲಿ ಅವಳಿಗೆ ಸಂದೇಶ ಬಂದಿತ್ತು. ಅವಳು ಕಳಿಸಿರಲಿಲ್ಲ.

"ಡಿಯರ್ ಸಿಸ್ಟರ್ ಅಂತ ಬರ್ದಿದ್ದ. ನೀ ನನ್ನ ಯಾವಾಗ ಹಂಗ ಕರದೀ, ಅಣ್ಣಾ?" ಎಂದು ನಕ್ಕಳು.

ಗುರುಸಿದ್ಧ ಹೊಳೆಯ ಮೆಟ್ಟಿಲ ಮೇಲೆ ಕುಳಿತ. ಹೋದ ಜೀವ ಬಂದಂತಾಯಿತು.

ಇದೇ ಪಾಸ್‌ವರ್ಡ್ ಮತ್ತೆಲ್ಲಿ ಕೊಟ್ಟಿದ್ದೆ ಎಂದು ಗುರುಗಳು ಕೇಳಿದರು. ಅವನು ಹಳೆಯ ಇಮೇಲ್‌ಗಳನ್ನು ಹುಡುಕಿದ. ಹಿಂದೊಮ್ಮೆ ರಿಂಗ್‌ಟೋನಿಗಾಗಿ ಒಂದು ಸೈಟಿಗೆ ಸೇರಿದ್ದ. ಅದೇ ಇಮೇಲ್, ಅದೇ ಪಾಸ್‌ವರ್ಡ್. ಆ ಸೈಟಿನವರ ಹತ್ತಿರವಿದ್ದ ಪಾಸ್‌ವರ್ಡ್‌ಗಳೆಲ್ಲ ಸೋರಿಹೋದ ಸುದ್ದಿಯನ್ನು ಓದಿಯೂ ಇದ್ದ, ಮರೆತೂ ಬಿಟ್ಟಿದ್ದ. ಸೋರಿದ್ದನ್ನು ಕಳ್ಳರು ಸಿಕ್ಕಸಿಕ್ಕ ಕಡೆಯೆಲ್ಲ ಹಾಕಿ ನೋಡಿದ್ದರು. ಆಟದ ಬಾಗಿಲು ತೆರೆದುಕೊಂಡಿತ್ತು.

ಗುರುಗಳು ಹೇಳಿದಂತೆ ಅವನು ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಆಮೇಲೆ ಆಟದ ಕಂಪನಿಗೆ ದೂರು ಬರೆದ. ಇಳಿಹೊತ್ತಿಗೆ ಖಾತೆ ಮರಳಿ ಸಿಕ್ಕಿತು. ಆಟದೊಳಗಿನ ಒಂದಷ್ಟು ಸಾಮಾನು ಹೋಗಿದ್ದವು. ಅವ್ವನ ಹಿತ್ತಲು ಹಾಗೇ ಇತ್ತು. ಶರ್ವಾಣಿ ಆಗಲೇ ಅಲ್ಲಿ ಬಂದು ನಿಂತಿದ್ದಳು.

ಅವನು ಕಣ್ಣೊರೆಸಿಕೊಂಡು ಒಂದೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿದ. ಫೋನಿಗೆ ಕೋಡ್ ಬಂದರಷ್ಟೇ ಒಳಗೆ ಬಿಡುವ ಏರ್ಪಾಡನ್ನೂ ಮಾಡಿಕೊಂಡ.

ಮರುದಿನ ಊಟಕ್ಕೆ ಕೂತಾಗ ಕೇಳಿದ: "ಅಜ್ಜಾರ, ಇನ್ನ ಮ್ಯಾಲೆ ಯಾರನ್ನೂ ನಂಬಬಾರದೇನು?"

ಗುರುಗಳು ಅವನ ತಟ್ಟೆಗೆ ಬಿಸಿರೊಟ್ಟಿ ಹಾಕಿದರು.

"ಎಲ್ಲಾರನ್ನೂ ನಂಬು, ತಮ್ಮಾ. ಒಬ್ಬರಿಗೆ ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳಬ್ಯಾಡ."