ಕರ್ತನ ಗಂಗಾಳ

“ಅಯ್ಯನವರೇ, ಕರ್ತನ ರಾಜ್ಯದಲ್ಲಿ ಸೇವೆ ಮಾಡುವ ಭಾಗ್ಯ ಸಿಗಬೇಕಾದರೆ ಈಗಿನಿಂದಲೇ ಏನು ತಯಾರಿ ಮಾಡಿಕೊಳ್ಳಬೇಕು?”

ಅಮೋಸನು ಹೀಗೆ ಕೇಳಿದಾಗ ಮಧ್ಯಾಹ್ನವಾಗಿತ್ತು. ಅವನು ಸುಮಿತ್ರಯ್ಯನವರ ಬಳಿ ಚರ್ಚಿನ ಉಪದೇಶಿಯ ಕೆಲಸ ಕಲಿಯುತ್ತಿದ್ದ. ಗುರುಗಳ ಊಟಕ್ಕೆ ಯಾರೂ ಅಡ್ಡಿ ಮಾಡಬಾರದೆಂದು ಹೊರಬಾಗಿಲಿನ ಅಗಳಿಯನ್ನು ತಾನೇ ಹಾಕಿ ಬಂದಿದ್ದ.

ಅಯ್ಯನವರು ತುತ್ತು ಕೆಳಗಿಟ್ಟರು. “ಅಬ್ಬಾ, ಉಣ್ಣುವ ಹೊತ್ತಿಗೆ ಒಳ್ಳೇ ಪ್ರಶ್ನೆ ತಂದೆಯಪ್ಪ! ಇರಲಿ, ಕೇಳು,” ಎಂದು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಕರ್ತನ ಮೇಲೆ ಅವನಿಗೆ ಪ್ರೀತಿ ಇತ್ತು. ಸುಳ್ಳು ಪ್ರೀತಿ ಅಂದುಕೊಳ್ಳಬೇಡ, ನಿಜವಾದದ್ದೇ. ಊಟಕ್ಕೆ ಕೂರುವ ಮುಂಚೆ ಕರ್ತನಿಗೆಂದು ಒಂದು ಕಂಚಿನ ಗಂಗಾಳವನ್ನು ಮಣೆಯ ಮೇಲೆ ಇಡುವುದು ಅವರ ಮನೆತನದ ಪದ್ಧತಿ. ಅದನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಇಡುವನು, ಊಟವಾದ ಮೇಲೆ ಹೆಗಲ ಬಟ್ಟೆಯಿಂದ ಒರೆಸಿ ತಾನೇ ಎತ್ತುವನು. ಅದರಲ್ಲಿ ಒಂದು ಅಗುಳು ಅನ್ನವೂ ಬಿದ್ದದ್ದಿಲ್ಲ. ಕಾಣದ ಅತಿಥಿಗೆ ಬಡಿಸುವುದು ಹೇಗೆ, ಹೇಳು!

ಒಮ್ಮೊಮ್ಮೆ ಅದೇ ಹೊತ್ತಿಗೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಹೆಂಡತಿ ಏಳಲು ಹೋದರೆ ಅವನು ಬಿಡುತ್ತಿರಲಿಲ್ಲ. “ಕರ್ತನ ಗಂಗಾಳ ಇಟ್ಟಾಗಿದೆ. ಈಗ ಕಂಡಕಂಡವರೆಲ್ಲ ಒಳಗೆ ಬಂದು ಅದನ್ನು ಮೈಲಿಗೆ ಮಾಡಬೇಕೇನು? ಸುಮ್ಮನೆ ಕೂತುಕೋ,” ಎನ್ನುವನು. ಎದ್ದು ಹೋಗಿ ಅಗಳಿಯನ್ನು ಇನ್ನೊಮ್ಮೆ ಒತ್ತಿ ಬರುವನು. ಬಡಿಯುವವರು ಸ್ವಲ್ಪ ಹೊತ್ತು ಬಡಿದು ಹೊರಟುಹೋಗುತ್ತಿದ್ದರು.

ಅವನ ಪ್ರಾರ್ಥನೆ ಒಂದೇ. “ಕರ್ತನೇ, ನಿನ್ನ ರಾಜ್ಯದ ಔತಣದಲ್ಲಿ ಬಡಿಸುವ ಕೆಲಸವನ್ನು ನನಗೆ ಕೊಡು.” ಅದಕ್ಕಾಗಿ ಒಂದು ಬಿಳಿ ಅಂಗಿಯನ್ನೂ ಹೊಲಿಸಿ ಇಟ್ಟಿದ್ದ, ಪಾಪ. ಆ ಕೆಲಸ ಸಿಗದೆ ಹೋದರೆ ಹುಟ್ಟಿದ್ದೇ ದಂಡ ಎಂದು ಅವನ ಎಣಿಕೆ.

ಒಂದು ಮಧ್ಯಾಹ್ನ ಗಂಗಾಳ ಇಟ್ಟು ಪ್ರಾರ್ಥನೆಗೆ ಕಣ್ಣು ಮುಚ್ಚಿದ. ತೆರೆದರೆ ತನ್ನ ಮನೆಯಲ್ಲಿರಲಿಲ್ಲ. ಮೈಮೇಲೆ ಆ ಬಿಳಿ ಅಂಗಿ, ಕೈಯಲ್ಲಿ ಅದೇ ಕಂಚಿನ ಗಂಗಾಳ. ಎದುರಿಗೆ ಪಂಕ್ತಿ, ಅದರ ಕೊನೆ ಕಾಣುತ್ತಿರಲಿಲ್ಲ. ಜನ ತಲೆ ತಗ್ಗಿಸಿ ಕುಳಿತಿದ್ದರು. ಅಷ್ಟು ಜನರಿದ್ದರೂ ಒಂದು ಕೆಮ್ಮಿನ ಸದ್ದಿಲ್ಲ. ಪಕ್ಕದಲ್ಲಿ ಬಿಸಿ ಅನ್ನದ ಹಂಡೆ, ಅದರಲ್ಲಿ ಸೌಟು ಇತ್ತು.

“ನೀನು ಕೇಳಿದ ಕೆಲಸ ಇದೇ. ಬಡಿಸು,” ಎಂದು ಬೆನ್ನ ಹಿಂದೆ ಒಂದು ಸ್ವರ ಹೇಳಿತು.

ಅವನಿಗೆ ಸಂತೋಷದಿಂದ ಕಣ್ಣೀರೇ ಬಂತು. ಪಂಕ್ತಿಯ ಮೊದಲಲ್ಲಿ ಕುಳಿತಿದ್ದ ಮುದುಕಿಯ ಮುಂದೆ ಗಂಗಾಳ ಇಟ್ಟ. ಸೌಟಿಗೆ ಕೈಚಾಚಬೇಕು ಅಂದುಕೊಂಡ. ಕೈ ಸೌಟಿನ ಕಡೆ ಹೋಗಲಿಲ್ಲ. ಅದು ಹೆಗಲ ಬಟ್ಟೆಯನ್ನು ತೆಗೆದುಕೊಂಡಿತು, ಗಂಗಾಳವನ್ನು ಒರೆಸಿತು, ಎತ್ತಿತು. ತುತ್ತಿಗೆಂದು ಇಳಿದ ಮುದುಕಿಯ ಕೈ ಬರಿ ನೆಲವನ್ನು ಮುಟ್ಟಿತು.

ಮತ್ತೆ ಇಟ್ಟ. ಕೈ ಮತ್ತೆ ಒರೆಸಿ ಎತ್ತಿತು. ಮುಂದಿನವನಿಗೂ ಹಾಗೇ, ಅವನ ಪಕ್ಕದವಳಿಗೂ ಹಾಗೇ. ಬಲಗೈಯನ್ನು ಎಡಗೈಯಿಂದ ಹಿಡಿದು ನಿಲ್ಲಿಸಲು ನೋಡಿದ. ಎಡಗೈಯೂ ಬಟ್ಟೆಯ ತುದಿ ಹಿಡಿದು ಒರೆಸತೊಡಗಿತು. ಯಾರೂ ಬಯ್ಯಲಿಲ್ಲ. ಒಬ್ಬರಾದರೂ ಬಯ್ದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಕರ್ತನೇ, ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ!” ಎಂದು ಕೂಗಿಕೊಂಡ.

“ನಿನ್ನ ಮಾತನ್ನೇ ಕೇಳುತ್ತಿದೆ. ಇಷ್ಟು ವರ್ಷ ಅದಕ್ಕೆ ನೀನು ಕಲಿಸಿದ್ದು ಅಷ್ಟೇ,” ಎಂದಿತು ಸ್ವರ.

ಆಗ ಮುದುಕಿ ಬೆರಳ ಗೆಣ್ಣಿನಿಂದ ನೆಲವನ್ನು ಮೆಲ್ಲಗೆ ಬಡಿದಳು. ಪಕ್ಕದವನೂ ಬಡಿದ. ಪಂಕ್ತಿಗೆ ಪಂಕ್ತಿಯೇ ಬಡಿಯತೊಡಗಿತು. ಆ ಸದ್ದು ಅವನಿಗೆ ಗೊತ್ತಿತ್ತು. ಊಟದ ಹೊತ್ತಿಗೆ ತನ್ನ ಬಾಗಿಲ ಮೇಲೆ ಕೇಳಿಬರುತ್ತಿದ್ದದ್ದು ಅದೇ.

ಬೆಚ್ಚಿ ಕಣ್ಣು ಬಿಟ್ಟ. ತನ್ನದೇ ಮನೆ, ಎದುರಿಗೆ ಹೆಂಡತಿ, ಅನ್ನ ಇನ್ನೂ ಆರಿರಲಿಲ್ಲ. ಮಣೆಯ ಮೇಲಿನ ಬರಿ ಗಂಗಾಳದಲ್ಲಿ, ಯಾರೋ ತುತ್ತಿಗೆಂದು ಕೈಯಿಟ್ಟಂತೆ, ಐದು ಬೆರಳುಗಳ ಒದ್ದೆ ಗುರುತು ಇತ್ತು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

ವ್ಯಾಪಾರಿ ಓಡಿದ. ತೆರೆಯಲೇಬೇಕೆಂದು ಅಗಳಿಯ ಮೇಲೆ ಕೈಯಿಟ್ಟ. ಕೈ ಅದನ್ನು ಇನ್ನಷ್ಟು ಒಳಕ್ಕೆ ಒತ್ತತೊಡಗಿತು.

ಅಯ್ಯನವರು ಅಲ್ಲಿಗೇ ನಿಲ್ಲಿಸಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಹೊತ್ತಿಗೆ ಅವರ ಹೊರಬಾಗಿಲನ್ನೂ ಯಾರೋ ಮೆಲ್ಲಗೆ ಬಡಿದರು.

ಅಮೋಸನು ಬಾಗಿಲ ಕಡೆ ನೋಡಿದ. ಏಳಲಿಲ್ಲ. “ಆಮೇಲೆ ಏನಾಯಿತು, ಅಯ್ಯನವರೇ? ಬಾಗಿಲು ತೆರೆದನೇ?” ಎಂದು ತಗ್ಗಿದ ದನಿಯಲ್ಲಿ ಕೇಳಿದ.

“ನನ್ನನ್ನೇನು ಕೇಳುತ್ತೀ ತಮ್ಮಾ, ಅಗಳಿ ಹಾಕಿ ಬಂದ ನಿನ್ನ ಕೈಯನ್ನು ಕೇಳು.”