ಕೈ ಬದಲಾಗದ ವೀಣೆ

ಗಡಿ ಸೀಮೆಯ ಒಂದು ಊರಿನಿಂದ ಪ್ರತಿ ಆಷಾಢದಲ್ಲಿ ಮೂವತ್ತು ಜನ ಭಕ್ತರ ದಿಂಡಿಯೊಂದು ಭಜನೆ ಮಾಡುತ್ತ ಪಂಢರಪುರಕ್ಕೆ ನಡೆದುಕೊಂಡು ಹೋಗುತ್ತಿತ್ತು. ಏಳು ದಿನದ ದಾರಿ. ಏಕಾದಶಿಯ ಹೊತ್ತಿಗೆ ವಿಠ್ಠಲನ ಗುಡಿಯ ಶಿಖರ ಕಣ್ಣಿಗೆ ಬೀಳಬೇಕು. ಆ ವರ್ಷ ದಿಂಡಿಯ ವೀಣೆ ಜೋತೆಪ್ಪ ಎಂಬವನಿಗೆ ಸಿಕ್ಕಿತು. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವನಿಗೆ ಸಿಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಜೋತೆಪ್ಪ ಗಟ್ಟಿ ಆಳು, ಕಬ್ಬಿನ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ತಲೆಗೆ ಏರಿಸಿಕೊಳ್ಳುವವನು. ದನಿಯೂ ಚೆನ್ನಾಗಿತ್ತು. ನಲವತ್ತು ವರ್ಷ ವೀಣೆ ಹಿಡಿದಿದ್ದ ಸಿದಗೊಂಡಜ್ಜನಿಗೆ ಮೊಣಕಾಲು ನೋವು ಶುರುವಾಗಿತ್ತು. ಅಜ್ಜ ತಾನಾಗಿಯೇ ವೀಣೆಯ ಪಟ್ಟಿಯನ್ನು ಜೋತೆಪ್ಪನ ಕೊರಳಿಗೆ ಹಾಕಿದ.

ಆ ದಿಂಡಿಯಲ್ಲಿ ವೀಣೆಗೆ ಕೆಲವು ಕಟ್ಟುಗಳಿದ್ದವು. ಊರ ಅಗಸಿ ಬಾಗಿಲು ದಾಟಿದ ಮೇಲೆ ಶಿಖರ ಕಾಣುವವರೆಗೆ ವೀಣೆ ನೆಲಕ್ಕೆ ತಾಗುವಂತಿಲ್ಲ. ಹಿಡಿದವನು ಉಣ್ಣಲು ಕೂತರೆ, ಮಲಗಿದರೆ ಅಥವಾ ದಣಿದರೆ ಇನ್ನೊಬ್ಬ ಹಿಡಿದು ನಿಲ್ಲಬೇಕು. ಕೊಡುವವನೂ ಇಸಿದುಕೊಳ್ಳುವವನೂ ಬಾಗಿ ಒಬ್ಬರ ಕಾಲು ಒಬ್ಬರು ಮುಟ್ಟಬೇಕು. ನಡೆಯುವಾಗ ಮುಂದೆ ಪತಾಕೆ, ಅದರ ಹಿಂದೆ ವೀಣೆ, ಉಳಿದವರೆಲ್ಲ ವೀಣೆಯ ಹಿಂದೆ. ವೀಣೆಯನ್ನು ದಾಟಿ ಅವರಾರೂ ಮುಂದೆ ಹೋಗುವಂತಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎನ್ನುವುದಕ್ಕೂ ವೀಣೆ ಹಿಡಿದವನ ಮಾತೇ ಕೊನೆಯದು.

ಹೊರಡುವ ದಿನ ಅಗಸಿಯಲ್ಲಿ ಊರೆಲ್ಲ ಸೇರಿತ್ತು. ಜೋತೆಪ್ಪ ಎದೆಯುಬ್ಬಿಸಿ ಹೇಳಿದ, "ಏಳೂ ದಿನ, ನಡಿಯೂವಾಗ ಈ ವೀಣಿ ಬ್ಯಾರೇ ಹೆಗಲಿಗೆ ಹೋಗಂಗಿಲ್ಲ. ನೋಡ್ಕೋತ ಇರ್ರಿ."

ಜನ ಭೇಷ್ ಎಂದರು. ಸಿದಗೊಂಡಜ್ಜ ಮಾತ್ರ, "ಹಂಗ ಮಾಡಂತ ನಿನಗ ಯಾರೂ ಹೇಳಿಲ್ಲಲ್ಲಪಾ" ಎಂದ. ಭಜನೆಯ ಗದ್ದಲದಲ್ಲಿ ಆ ಮಾತು ಜೋತೆಪ್ಪನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೂ ಅವನೇನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಎರಡನೆಯ ದಿನವೇ ಮಳೆ ಹಿಡಿಯಿತು. ಎರೆಮಣ್ಣಿನ ದಾರಿ. ಒಂದು ಹೆಜ್ಜೆ ಕಿತ್ತರೆ ಜೊತೆಗೆ ಒಂದು ಸೇರು ಮಣ್ಣು ಏಳುತ್ತಿತ್ತು. ಚಪ್ಪಲಿ ಹಾಕಿದವರು ಕೈಯಲ್ಲಿ ಹಿಡಿದರು. ಹಾಸಿಗೆ ಒದ್ದೆ, ರೊಟ್ಟಿ ಗಂಟು ಒದ್ದೆ. ಆದರೂ ಯಾರೂ ಗೊಣಗಲಿಲ್ಲ. ಮಳೆಗೆ ಹೆದರುವವರು ಆಷಾಢದಲ್ಲಿ ಮನೆ ಬಿಟ್ಟು ಹೊರಡುವುದಿಲ್ಲ.

ಮೂರನೆಯ ದಿನ ಜೋತೆಪ್ಪನ ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕಿತು. ಕಿತ್ತ. ಅರ್ಧ ಬಂತು, ಅರ್ಧ ಒಳಗೇ ಮುರಿಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೂರಿಸುತ್ತಾರೆ, ಕೂರಿಸಿದರೆ ವೀಣೆ ಇನ್ನೊಬ್ಬನ ಹೆಗಲಿಗೆ ಹೋಗುತ್ತದೆ. ಊರಿಗೆ ಮರಳಿದಾಗ ಅಗಸಿಯಲ್ಲಿ ಕೂತವರು ಮೊದಲು ಕೇಳುವುದು ಅದನ್ನೇ ಎಂದು ಅವನಿಗೆ ಗೊತ್ತಿತ್ತು.

ನಾಲ್ಕನೆಯ ದಿನ ಹಿಮ್ಮಡಿ ಬಾತುಕೊಂಡಿತು. ಪತಾಕೆ ಹಿಡಿದು ಮುಂದೆ ನಡೆಯುತ್ತಿದ್ದವನು ಪರಸು, ಊರಿನ ದರ್ಜಿ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವನು ಹಿಂದೆ ನೋಡಿದಾಗಲೆಲ್ಲ ವೀಣೆ ದೂರದಲ್ಲಿರುತ್ತಿತ್ತು. ನಿಂತು ಕಾಯುತ್ತಿದ್ದ. ವೀಣೆಯ ಹಿಂದೆ ಉಳಿದವರೆಲ್ಲ ಸಣ್ಣ ಹೆಜ್ಜೆ ಇಡುತ್ತ ಬರುತ್ತಿದ್ದರು.

ಮಧ್ಯಾಹ್ನ ಒಂದು ಗುಡಿಯ ಕಟ್ಟೆಯ ಬಳಿ ಪರಸು ಮೆಲ್ಲಗೆ ಕೇಳಿದ, "ಮಾವುಲಿ, ಕಾಲಿಗೆ ಏನಾಗೇತ್ರಿ?" ದಿಂಡಿಯವರು ಒಬ್ಬರನ್ನೊಬ್ಬರು ಮಾವುಲಿ ಎಂದೇ ಕರೆಯುತ್ತಾರೆ. ತಾಯಿ ಎಂದು ಅದರ ಅರ್ಥ.

"ಏನೂ ಆಗಿಲ್ಲ."

"ಒಂದೀಟು ಹೊತ್ತು ವೀಣಿ ನನ್ನ ಕಡೆ ಕೊಡ್ರಿ. ಪತಾಕಿ ಯಾರರ ಹಿಡೀತಾರ."

ಜೋತೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ಸೂಜಿ ಹಿಡಿಯೂ ಕೈಯಾಗ ವೀಣಿ ನಿಂದ್ರತೈತೇನೋ? ನಡಿ ಮುಂದ."

ಪರಸು ಮುಖ ಸಣ್ಣದು ಮಾಡಿಕೊಂಡು ಪತಾಕೆ ಎತ್ತಿದ. ಜೋತೆಪ್ಪನ ಬೆನ್ನ ಹಿಂದೆಯೇ ನಡೆಯುತ್ತಿದ್ದ ಶೇವಂತವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಎಪ್ಪತ್ತು ದಾಟಿದ ಮುದುಕಿ. ತಲೆಯ ಮೇಲೆ ಹಿತ್ತಾಳೆಯ ತುಳಸಿ ಬಿಂದಿಗೆ. ಗಂಡ ಸತ್ತ ವರ್ಷ ಅವನು ನೆಟ್ಟಿದ್ದ ತುಳಸಿಯದೇ ಬೀಜ ಹಾಕಿ ಬೆಳೆಸಿಕೊಂಡು ಬಂದ ಗಿಡ ಅದು.

ಐದನೆಯ ದಿನ ಬೆಳಿಗ್ಗೆ ಜೋತೆಪ್ಪನಿಗೆ ಮೈ ಸುಡುತ್ತಿತ್ತು. ದಾರಿಯಲ್ಲಿ ಕುರಿ ಹೊಡೆದುಕೊಂಡು ಬಂದವನೊಬ್ಬ ದಿಂಡಿಗೆ ಕೈಮುಗಿದು ಎಚ್ಚರಿಸಿದ, "ಮುಂದ ಹಳ್ಳ ಐತ್ರಿ. ಮ್ಯಾಲ ಭಾಳ ಮಳಿ ಆಗೇತಿ. ಮಟಮಟ ಮಧ್ಯಾಹ್ನದೊಳಗ ದಾಟಿ ಬಿಡ್ರಿ. ಆಮ್ಯಾಲ ನೀರು ಬರತೈತಿ."

ಅಲ್ಲಿಂದ ಹಳ್ಳಕ್ಕೆ ಎರಡೇ ಹರದಾರಿ. ಉಳಿದವರ ಕಾಲಿಗೆ ಬಿಟ್ಟಿದ್ದರೆ ಮಧ್ಯಾಹ್ನಕ್ಕೆ ಮುಂಚೆಯೇ ದಾಟಿ ಆಚೆ ದಂಡೆಯಲ್ಲಿ ರೊಟ್ಟಿ ಬಿಚ್ಚುತ್ತಿದ್ದರು. ಆದರೆ ವೀಣೆಯನ್ನು ದಾಟುವಂತಿಲ್ಲ. ಜೋತೆಪ್ಪ ಹಲ್ಲು ಕಚ್ಚಿ ಒಂದೊಂದೇ ಹೆಜ್ಜೆ ಇಟ್ಟ. ಹಳ್ಳ ಕಂಡಾಗ ಹೊತ್ತು ಇಳಿಯತೊಡಗಿತ್ತು.

ಕೆಂಪು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಮೊಣಕಾಲು ಮಟ್ಟ ಇರಬಹುದು. ಸಿದಗೊಂಡಜ್ಜ ದಂಡೆಯ ಕಲ್ಲೊಂದನ್ನು ನೋಡುತ್ತ ನಿಂತ. ನೋಡುತ್ತಿದ್ದಂತೆ ಆ ಕಲ್ಲು ಮುಳುಗಿತು.

"ಜೋತಿ, ನೀರು ಏರಾಕತ್ತೈತಿ. ಇಲ್ಲೇ ಕುಂಡ್ರೂಣು. ಇಳಿದ ಮ್ಯಾಲ ದಾಟಿದರಾತು."

ಈಗ ಕೂತರೆ ಮತ್ತೆ ಏಳಲಾರೆ ಎಂದು ಜೋತೆಪ್ಪನೊಬ್ಬನಿಗೇ ಗೊತ್ತಿತ್ತು. ಹಿಮ್ಮಡಿಯ ನೋವು ತೊಡೆಯವರೆಗೆ ಏರಿತ್ತು. ಆ ಮಾತು ಬಾಯಿಗೆ ಬಂತು, ನುಂಗಿಕೊಂಡ.

"ಇನ್ನೂ ಮೊಣಕಾಲ ಮಟ ಐತ್ರಿ ಅಜ್ಜಾ. ಏಕಾದಶಿ ತಪ್ಪಿದರ ಯಾರು ಹೊಣಿ? ನಡೀರಿ, ಕೈ ಕೈ ಹಿಡ್ಕೋರಿ."

ವೀಣೆ ಹಿಡಿದವನ ಮಾತು. ಯಾರೂ ಎದುರಾಡಲಿಲ್ಲ. ಪರಸು ಪತಾಕೆಯ ಕೋಲನ್ನು ಊರುತ್ತ ಇಳಿದ. ಅವನ ಹಿಂದೆ ಜೋತೆಪ್ಪ. ಪಟ್ಟಿಯನ್ನು ಕೊರಳಿನಿಂದ ತೆಗೆದು ವೀಣೆಯನ್ನು ಹೆಗಲ ಮೇಲೆ ಏರಿಸಿ ಬಲಗೈಯಿಂದ ಹಿಡಿದ. ಎಡಗೈಯಲ್ಲಿ ಶೇವಂತವ್ವನ ಕೈ. ಅವಳ ಹಿಂದೆ ಸಿದಗೊಂಡಜ್ಜ. ಉಳಿದವರು ಇಳಿಯಲು ದಂಡೆಯಲ್ಲಿ ಸಾಲಾಗಿ ನಿಂತಿದ್ದರು.

ನಡುಹಳ್ಳಕ್ಕೆ ಬರುವಷ್ಟರಲ್ಲಿ ನೀರು ತೊಡೆಗೆ ಬಂತು. ಕಾಲಡಿಯ ಮರಳು ಜಾರುತ್ತಿತ್ತು. ಪರಸು ಮುಂದಿನ ಬಂಡೆ ಹತ್ತಿ ತಿರುಗಿ ನೋಡಿದ. ಅದೇ ಗಳಿಗೆಗೆ ಜೋತೆಪ್ಪನ ನೊಂದ ಕಾಲು ಕೈಕೊಟ್ಟಿತು. ಮೊಣಕಾಲೂರಿ ಕುಸಿದ. ವೀಣೆ ವಾಲಿತು. ನೀರಿಗೆ ಇನ್ನು ಒಂದು ಗೇಣು.

ಜೋತೆಪ್ಪ ಎರಡೂ ಕೈಯಿಂದ ವೀಣೆಯನ್ನು ಮೇಲೆತ್ತಿ ಹಿಡಿದ.

ಎರಡೂ ಕೈಯಿಂದ. ಅಂದರೆ ಶೇವಂತವ್ವನ ಕೈಯನ್ನು ಬಿಟ್ಟು.

ಮುದುಕಿ ತೇಲಿದಳು. ತುಳಸಿ ಬಿಂದಿಗೆ ತಲೆಯಿಂದ ಉರುಳಿ ಒಮ್ಮೆ ಮುಳುಗಿ ಎದ್ದು ಹೊರಟೇಹೋಯಿತು. ಸಿದಗೊಂಡಜ್ಜನ ಕೈಗೆ ಅವಳ ಸೆರಗು ಸಿಕ್ಕಿತ್ತು. ಸೆರಗಿನ ಜೊತೆ ಅಜ್ಜನೂ ಜಾರತೊಡಗಿದ.

"ಜೋತಿ, ಆಯೀನ ಹಿಡಿಯೋ!" ಅಜ್ಜ ಕೂಗಿದ.

ಹಿಡಿಯಲು ಕೈ ಎಲ್ಲಿವೆ?

ಪರಸು ಪತಾಕೆಯನ್ನು ಮುಂದಿನ ದಂಡೆಗೆ ಎಸೆದು ಬಂಡೆಯ ಮೇಲೆ ಬೋರಲು ಮಲಗಿ ಎರಡೂ ಕೈ ಚಾಚಿದ. "ವೀಣಿ ಇತ್ತ ಕೊಡ್ರಿ ಮಾವುಲಿ! ನಾ ಅದೇನಿ, ಕೊಡ್ರಿ!"

ಜೋತೆಪ್ಪನ ಬೆರಳು ಬಿಗಿದೇ ಇದ್ದವು. ಐದು ದಿನ ದಾರಿಯಲ್ಲಿ ಯಾರಿಗೂ ಕೊಡದವನಿಗೆ ಕೊಡುವುದು ಹೇಗೆಂಬುದೇ ಮರೆತಂತಿತ್ತು. ಅಗಸಿಯಲ್ಲಿ ಆಡಿದ ಮಾತು, ಭೇಷ್ ಎಂದವರ ಮುಖಗಳು ಕಣ್ಣೆದುರು ಬಂದವು. ಎರಡು ಉಸಿರಿನ ಹೊತ್ತು. ಅಷ್ಟರಲ್ಲಿ ಶೇವಂತವ್ವನ ತಲೆ ನೀರಿನೊಳಗೆ ಹೋಯಿತು.

ಅವನು ಕೊಟ್ಟ. ಸೂಜಿ ಹಿಡಿಯುವ ಕೈಗಳು ವೀಣೆಯನ್ನು ಮಗುವಿನಂತೆ ಎತ್ತಿಕೊಂಡವು. ಜೋತೆಪ್ಪ ಬಾಗಿ ನೀರಿನೊಳಗೆ ತಡಕಾಡಿ ಮುದುಕಿಯ ತೋಳು ಹಿಡಿದ. ಅತ್ತ ಅಜ್ಜ, ಇತ್ತ ಜೋತೆಪ್ಪ ಎಳೆದು ಎಳೆದು ಅವಳನ್ನು ಬಂಡೆಗೆ ತಂದರು. ಶೇವಂತವ್ವ ಕೆಮ್ಮಿ ಕೆಮ್ಮಿ ನೀರು ಕಾರಿದಳು. ಕಣ್ಣು ಬಿಟ್ಟು ಮೊದಲು ತಲೆ ಮುಟ್ಟಿ ನೋಡಿಕೊಂಡಳು.

"ನನ್ನ ತುಳಸಿ?"

ಜೋತೆಪ್ಪ ಅವಳ ಕಾಲ ಮೇಲೆ ಬಿದ್ದು ಹೋ ಎಂದು ಅತ್ತ. ಆಗ ಅವನ ಹಿಮ್ಮಡಿ ಎಲ್ಲರಿಗೂ ಕಾಣಿಸಿತು, ಕೀವು ತುಂಬಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದು.

ಬಂಡೆಯ ಮೇಲಿದ್ದ ನಾಲ್ವರೂ ಮುಂದಿನ ದಂಡೆ ಹತ್ತಿದರು. ಹಿಂದಿನ ದಂಡೆಯಲ್ಲೇ ಉಳಿದವರು ಮರುದಿನ ನೀರು ಇಳಿದ ಮೇಲೆ ದಾಟಿ ಬಂದರು. ಯಾರೂ ಅವಸರಪಡಲಿಲ್ಲ, ಏಕಾದಶಿಯೂ ತಪ್ಪುವ ಹಾಗಿರಲಿಲ್ಲ. ಪರಸು ವೀಣೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ತನ್ನ ಟೊಪ್ಪಿಗೆಯಲ್ಲಿ ಚುಚ್ಚಿಕೊಂಡಿದ್ದ ಸೂಜಿಯನ್ನು ಬೆಂಕಿಗೆ ಹಿಡಿದು ಮುರಿದ ಮುಳ್ಳನ್ನು ತೆಗೆದ.

ಸಿದಗೊಂಡಜ್ಜ ಪಕ್ಕದಲ್ಲಿ ಕೂತು ಹೇಳಿದ, "ನಲವತ್ತು ವರ್ಷ ಈ ವೀಣಿ ನೆಲ ಮುಟ್ಟಿಲ್ಲ. ನನ್ನ ಹೆಗಲ ಗಟ್ಟಿ ಇತ್ತಂತ ತಿಳಿದೀ ಏನು? ಹರದಾರಿಗೊಬ್ಬರ ಕೈಯಾಗ ಕೊಡ್ತಿದ್ದೆ. ನೆಲಕ್ಕ ಇಡಬಾರದು ಅಂದರ ಇನ್ನೊಬ್ಬರಿಗೆ ಕೊಡಬೇಕು ಅಂತನ ಅರ್ಥಪಾ."

ಜೋತೆಪ್ಪ ಎದ್ದ. ಕುಂಟುತ್ತ ಒಂದು ತೋಟದ ಮನೆಗೆ ಹೋಗಿ ಅಂಗಳದ ತುಳಸಿಯ ಸಸಿಯೊಂದನ್ನು ಕೇಳಿ ತಂದ. ಹಳೆಯ ಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟು ಶೇವಂತವ್ವನ ಮುಂದೆ ಇಟ್ಟ. ಅದು ಅವಳ ತುಳಸಿ ಆಗಲಾರದು ಎಂದು ಅವನಿಗೂ ಗೊತ್ತಿತ್ತು. ಮುದುಕಿ ಬಹಳ ಹೊತ್ತು ಎಲೆ ಸವರಿದಳು.

"ನನ್ನ ಕುತ್ತಿಗಿ ಇನ್ನೂ ನೋಯಾಕತ್ತೈತಿ. ಅರ್ಧ ದಾರಿ ನೀ ಹೊರು, ಅರ್ಧ ದಾರಿ ನಾ ಹೊರತೇನಿ" ಎಂದಳು.

ದಿಂಡಿ ಹೊರಟಿತು. ಪತಾಕೆಯ ಹಿಂದೆ ವೀಣೆ ಹಿಡಿದ ಪರಸು. ಸಾಲಿನ ಕೊನೆಯಲ್ಲಿ ಕೋಲೂರಿಕೊಂಡು ತುಳಸಿ ಹೊತ್ತ ಜೋತೆಪ್ಪ. ಮಳೆ ಇನ್ನೂ ಹನಿಯುತ್ತಿತ್ತು. ಒಂದು ಹರದಾರಿ ನಡೆದಿರಬಹುದು. ಕಾಲು ನೋಯಿತು. ಜೋತೆಪ್ಪ ನಿಂತ. ಒಂದು ಕ್ಷಣ ತುಟಿ ಕಚ್ಚಿದ. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಕೂಗಿದ.

"ಮಾವುಲಿ, ಯಾರರ ಒಂದೀಟು ಹಿಡೀರಿ. ನನಗ ದಣಿವಾಗೇತಿ."

ಅವನು ಮುಂದೆ ನೋಡಿದಾಗ ಐದಾರು ಜೋಡಿ ಕೈಗಳು ಆಗಲೇ ಚಾಚಿದ್ದವು.

ನೀತಿ: ಹೊಣೆ ಹೊತ್ತವನು ತನ್ನ ದಣಿವನ್ನು ಬಚ್ಚಿಟ್ಟರೆ ಅದರ ಪೆಟ್ಟು ಅವನನ್ನು ನಂಬಿ ಹಿಂದೆ ಬರುವವರಿಗೆ ಬೀಳುತ್ತದೆ. ಕೈ ಸೋಲುವ ಮೊದಲೇ ಇನ್ನೊಬ್ಬರ ಕೈ ಕೇಳಬೇಕು. ಹಾಗೆ ಕೇಳುವುದೂ ಸೇವೆಯೇ.